ಕಡಲ ಮಾಲಿನ್ಯವನ್ನು ಅರಗಿಸುವ ಬ್ಯಾಕ್ಟೀರಿಯಾಗಳು

ಸಮುದ್ರದ ನೀರು, ತಳದ ಕೆಸರು, ದಡದ ಮರಳು ಈ ಮೂರರಲ್ಲೂ ನೆಲೆಸಿ, ಅಲ್ಲಿಗೆ ಬಂದು ಸೇರುವ ತೈಲ ಮತ್ತಿತರ ವಿಷಕಾರಿ ರಾಸಾಯನಿಕಗಳನ್ನು ಆಹಾರವಾಗಿ ಬಳಸುವ ಅಥವಾ ಬೇರೆ ರೂಪಕ್ಕೆ ತಿರುಗಿಸುವ ಸೂಕ್ಷ್ಮಜೀವಿಗಳು. ಇವು ಒಂದೇ ಕುಲದವಲ್ಲ. ಕೆಲವಕ್ಕೆ ತೈಲವೇ ಜೀವನಾಧಾರ. ಕೆಲವು ಸಕ್ಕರೆ, ಆಮ್ಲ, ಪ್ರೋಟೀನುಗಳ ಜೊತೆಗೆ ತೈಲವನ್ನೂ ಉಣ್ಣಬಲ್ಲವು. ಇನ್ನು ಕೆಲವು ಪಾದರಸದಂಥ ವಿಷವನ್ನು ಉಣ್ಣುವುದಿಲ್ಲ, ಅದರ ರೂಪ ಬದಲಿಸಿ ತಮ್ಮ ಕೋಶದಿಂದ ಆಚೆ ಅಟ್ಟುತ್ತವೆ. ಇವುಗಳಲ್ಲಿ ಅತಿ ಹೆಚ್ಚು ಅಧ್ಯಯನವಾಗಿರುವುದು ಪೆಟ್ರೋಲಿಯಂ ತೈಲವನ್ನು ಒಡೆಯುವ ಗುಂಪು. ಆದ್ದರಿಂದ ಈ ಲೇಖನದ ಬಹುಭಾಗ ಅದಕ್ಕೇ ಮೀಸಲು.

ಹಡಗು ಒಡೆದು ತೈಲ ಚೆಲ್ಲಿದಾಗಲೆಲ್ಲ ಪತ್ರಿಕೆಗಳಲ್ಲಿ 'ತೈಲ ತಿನ್ನುವ ಬ್ಯಾಕ್ಟೀರಿಯಾ ಬಂದಿದೆ, ಇನ್ನು ಚಿಂತೆಯಿಲ್ಲ' ಎಂಬ ಧಾಟಿಯ ವರದಿಗಳು ಕಾಣಿಸಿಕೊಳ್ಳುತ್ತವೆ. ಅರ್ಧ ಶತಮಾನಕ್ಕೂ ಮೀರಿದ ಸಂಶೋಧನೆ ಹೇಳುವುದು ಬೇರೆ. ಕಡಲಿಗೆ ಬ್ಯಾಕ್ಟೀರಿಯಾಗಳ ಕೊರತೆ ಇಲ್ಲ. ತೈಲದ ಜೊತೆಗೆ ಅವಕ್ಕೆ ಬೇಕಾಗುವ ಸಾರಜನಕ, ರಂಜಕ, ಆಮ್ಲಜನಕ ಮತ್ತು ಸಮಯದ ಕೊರತೆ ಇದೆ.

ತೈಲ ಚೆಲ್ಲುವ ಮೊದಲೇ ಇದ್ದ ಬಳಗ

ಮನುಷ್ಯ ತೈಲವನ್ನು ಹಡಗಿನಲ್ಲಿ ಸಾಗಿಸಲು ತೊಡಗಿ ನೂರೈವತ್ತು ವರ್ಷವಾಗಿರಬಹುದು. ಅದನ್ನು ಅರಗಿಸುವ ಜೀವಿಗಳು ಕೋಟಿಗಟ್ಟಲೆ ವರ್ಷಗಳಿಂದ ಇವೆ. ಸಮುದ್ರತಳದ ಬಿರುಕುಗಳಿಂದ ತೈಲ ತಾನಾಗಿಯೇ ಸದಾ ಜಿನುಗುತ್ತಿರುವುದು ಇದಕ್ಕೆ ಒಂದು ಕಾರಣ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸಾಗರಗಳಿಗೆ ವರ್ಷಕ್ಕೆ ಸುಮಾರು 13 ಲಕ್ಷ ಟನ್ ಪೆಟ್ರೋಲಿಯಂ ಸೇರುತ್ತದೆ. ಅದರಲ್ಲಿ 6 ಲಕ್ಷ ಟನ್ನಿನಷ್ಟು ಈ ನೈಸರ್ಗಿಕ ಒಸರುಗಳದೇ. ಮೆಕ್ಸಿಕೊ ಕೊಲ್ಲಿಯಲ್ಲೂ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಕಡಲಿನಲ್ಲೂ ಇಂಥ ಒಸರುಗಳು ಹೇರಳ.

ಒಸರುಗಳು ಇರುವುದು ಕೆಲವೇ ಕಡೆ. ತೈಲ ಅರಗಿಸುವ ಬ್ಯಾಕ್ಟೀರಿಯಾ ಮಾತ್ರ ಒಸರಿನಿಂದ ಸಾವಿರಾರು ಮೈಲಿ ದೂರದ ತಿಳಿನೀರಿನಲ್ಲೂ ಸಿಗುತ್ತದೆ. ಇದು ಬಹುಕಾಲ ಒಗಟಾಗಿತ್ತು. 2015ರಲ್ಲಿ ಕೇಂಬ್ರಿಜ್‌ನ ಡೇವಿಡ್ ಲೀ-ಸ್ಮಿತ್ ಮತ್ತು ಸಂಗಡಿಗರು ಒಂದು ಉತ್ತರ ಕೊಟ್ಟರು. ಸಾಗರದ ಮೇಲ್ಪದರದಲ್ಲಿ ಬಿಸಿಲು ಹೀರಿ ಬದುಕುವ ಪ್ರೊಕ್ಲೊರೊಕಾಕಸ್ ಮತ್ತು ಸಿನೆಕೊಕಾಕಸ್ ಎಂಬ ಸಯನೊಬ್ಯಾಕ್ಟೀರಿಯಾಗಳು ತಮ್ಮ ಕೋಶದೊಳಗೆ ಪೆಂಟಾಡೆಕೇನ್, ಹೆಪ್ಟಾಡೆಕೇನ್‌ನಂಥ ಹೈಡ್ರೊಕಾರ್ಬನ್‌ಗಳನ್ನು ತಯಾರಿಸುತ್ತವೆ. ಡೀಸೆಲ್‌ನಲ್ಲಿರುವುದೂ ಇದೇ ಬಗೆಯ ಅಣು. ಹೀಗೆ ವರ್ಷಕ್ಕೆ 30.8 ಕೋಟಿಯಿಂದ 77.1 ಕೋಟಿ ಟನ್ ಹೈಡ್ರೊಕಾರ್ಬನ್ ಕಡಲಿನಲ್ಲೇ ಹುಟ್ಟುತ್ತದೆ ಎಂದು ಅವರು ಲೆಕ್ಕ ಹಾಕಿದರು. ಒಸರು ಮತ್ತು ಸೋರಿಕೆಗಳ ಒಟ್ಟು ಮೊತ್ತಕ್ಕಿಂತ ಇದು ನೂರಾರು ಪಟ್ಟು ಹೆಚ್ಚು. ಹಾಗಿದ್ದೂ ಇದು ನೀರಿನ ಮೇಲೆ ಪದರವಾಗಿ ನಿಲ್ಲದಿರುವುದಕ್ಕೆ ಕಾರಣ, ಹುಟ್ಟಿದ್ದನ್ನು ಆಗಿಂದಾಗಲೇ ಉಂಡು ಮುಗಿಸುವ ಜೀವಿಗಳು ಪಕ್ಕದಲ್ಲೇ ಇರುವುದು. ಸೋರಿಕೆಯಾದಾಗ ಕೆಲಸಕ್ಕೆ ಇಳಿಯುವುದು ಈ ನಿತ್ಯದ ಬಳಗವೇ.

ಅಧ್ಯಯನದ ಆರಂಭ ಮತ್ತು ಮುಖ್ಯ ಕುಲಗಳು

ಸಾಗರ ಸೂಕ್ಷ್ಮಜೀವಿಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಕ್ಲಾಡ್ ಜೋಬೆಲ್ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1946ರಲ್ಲಿ, ಹೈಡ್ರೊಕಾರ್ಬನ್‌ಗಳ ಮೇಲೆ ಸೂಕ್ಷ್ಮಜೀವಿಗಳು ನಡೆಸುವ ಕ್ರಿಯೆಯನ್ನು ಕುರಿತು ದೀರ್ಘ ಸಮೀಕ್ಷೆಯೊಂದನ್ನು ಬರೆದರು. ಈ ಕ್ಷೇತ್ರದ ವ್ಯವಸ್ಥಿತ ಅಧ್ಯಯನಕ್ಕೆ ಅದನ್ನೇ ಮೊದಲ ಮೈಲಿಗಲ್ಲು ಎನ್ನುವುದುಂಟು. ಆದರೆ ತೈಲವನ್ನು ಬಿಟ್ಟು ಬೇರೇನನ್ನೂ ಹೆಚ್ಚಾಗಿ ಮುಟ್ಟದ ಕಡಲ ಬ್ಯಾಕ್ಟೀರಿಯಾಗಳು ಪರಿಚಯವಾಗಲು 1990ರ ದಶಕ ಬರಬೇಕಾಯಿತು.

1992ರಲ್ಲಿ ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ತೈಲಾಗಾರವೊಂದರ ಬಳಿಯ ಕೆಸರಿನಿಂದ ಮ್ಯಾರಿನೊಬ್ಯಾಕ್ಟರ್ ಕುಲ ವರದಿಯಾಯಿತು. 1995ರಲ್ಲಿ ಅಮೆರಿಕದ ವಾಯವ್ಯ ತೀರದ ಪ್ಯೂಜೆಟ್ ಸೌಂಡ್‌ನಿಂದ ಸೈಕ್ಲೊಕ್ಲಾಸ್ಟಿಕಸ್ ಸಿಕ್ಕಿತು. ಉಂಗುರಾಕಾರದ ಆರೊಮ್ಯಾಟಿಕ್ ಅಣುಗಳನ್ನು ಮುರಿಯುವುದರಲ್ಲಿ ಇದು ನಿಪುಣ. 1998ರಲ್ಲಿ ಬಂದದ್ದು ಈ ಬಳಗದ ಅತಿ ಪ್ರಸಿದ್ಧ ಸದಸ್ಯ ಆಲ್ಕನಿವೊರ್ಯಾಕ್ಸ್ ಬೊರ್ಕುಮೆನ್ಸಿಸ್. ಉತ್ತರ ಸಮುದ್ರದ ಬೊರ್ಕುಮ್ ಎಂಬ ಜರ್ಮನ್ ದ್ವೀಪದ ಸಮೀಪ ದೊರೆತ ಈ ಕಡ್ಡಿಯಾಕಾರದ ಜೀವಿಯನ್ನು ಮಿಖಾಯಿಲ್ ಯಾಕಿಮೋವ್, ಪೀಟರ್ ಗೊಲಿಷಿನ್ ಮೊದಲಾದವರು ವರ್ಣಿಸಿದರು. ಮೆಸಿನಾ ಬಂದರಿನಿಂದ ಓಲಿಯಿಫಿಲಸ್, ಸಿಸಿಲಿಯ ಮಿಲಾಜೊ ಬಂದರಿನಿಂದ ಥಲಾಸೊಲಿಟುವಸ್, ಅಂಟಾರ್ಕ್ಟಿಕದ ಹಿಮನೀರಿನಿಂದ ಓಲಿಯಿಸ್ಪೈರಾ ಅಂಟಾರ್ಕ್ಟಿಕಾ, ಹೀಗೆ 2002ರಿಂದ 2004ರ ನಡುವೆ ಇನ್ನಷ್ಟು ಹೆಸರುಗಳು ಸೇರಿದವು. ಕೊನೆಯದು ಶೂನ್ಯದ ಹತ್ತಿರದ ತಾಪದಲ್ಲೂ ತೈಲವನ್ನು ಅರಗಿಸುತ್ತದೆ.

ಆಲ್ಕನಿವೊರ್ಯಾಕ್ಸ್‌ನ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಪ್ರಯೋಗಾಲಯದಲ್ಲಿ ಗ್ಲೂಕೋಸ್ ಕೊಟ್ಟರೆ ಇದು ಬೆಳೆಯುವುದಿಲ್ಲ, ತೈಲದ ಸರಪಳಿಯಂಥ ಅಣುವಾದ ಆಲ್ಕೇನ್ ಕೊಟ್ಟರೆ ಸೊಂಪಾಗಿ ಬೆಳೆಯುತ್ತದೆ. ಮಲಿನವಾಗದ ನೀರಿನಲ್ಲಿ ಹುಡುಕಿದರೂ ಸಿಗದಷ್ಟು ವಿರಳ. ತೈಲ ಬಿದ್ದು, ಜೊತೆಗೆ ಸಾರಜನಕ ಮತ್ತು ರಂಜಕ ದೊರೆತರೆ ಕೆಲವೇ ದಿನಗಳಲ್ಲಿ ಆ ಜಾಗದ ಬ್ಯಾಕ್ಟೀರಿಯಾಗಳಲ್ಲಿ ಬಹುಸಂಖ್ಯಾತವಾಗುತ್ತದೆ. 1997ರ ಜನವರಿಯಲ್ಲಿ ಜಪಾನ್ ಸಮುದ್ರದಲ್ಲಿ ರಷ್ಯದ ನಖೋದ್ಕ ಟ್ಯಾಂಕರ್ ಮುರಿದ ಮೇಲೆ ಜಪಾನಿ ವಿಜ್ಞಾನಿಗಳು ನಡೆಸಿದ ಅಧ್ಯಯನಗಳು ಈ ಏರಿಕೆಯನ್ನು ಸ್ಪಷ್ಟವಾಗಿ ದಾಖಲಿಸಿದವು. 2006ರಲ್ಲಿ ಇದರ ಜೀನೋಮ್ ಪೂರ್ತಿಯಾಗಿ ಓದಲಾಯಿತು. 31 ಲಕ್ಷ ಜೋಡಿ ಅಕ್ಷರಗಳ ಆ ಬರಹದಲ್ಲಿ ಆಲ್ಕೇನ್ ಒಡೆಯುವ ಕಿಣ್ವಗಳ ಜೀನ್‌ಗಳು ಒಂದಲ್ಲ, ಹಲವು ಇವೆ. ಅಷ್ಟೇ ಗಮನಾರ್ಹವಾದದ್ದು, ನೀರಿನಲ್ಲಿ ಅತ್ಯಲ್ಪವಾಗಿರುವ ಸಾರಜನಕ ಮತ್ತು ರಂಜಕವನ್ನು ಹೆಕ್ಕಿ ಒಳಗೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನುಗಳ ಏರ್ಪಾಡು. ಬಡನೀರಿನಲ್ಲಿ ಬದುಕಲು ಕಲಿತ ಜೀವಿಯ ಲಕ್ಷಣ ಅದು.

ಅರಗಿಸುವ ಬಗೆ

ಕಚ್ಚಾ ತೈಲ ಒಂದು ವಸ್ತುವಲ್ಲ, ಸಾವಿರಾರು ಸಂಯುಕ್ತಗಳ ಮಿಶ್ರಣ. ಸರಳ ಸರಪಳಿಯ ಆಲ್ಕೇನ್‌ಗಳು, ಕವಲೊಡೆದ ಹಾಗೂ ಸುತ್ತಿಕೊಂಡ ಆಲ್ಕೇನ್‌ಗಳು, ಬೆಂಜೀನ್ ಉಂಗುರವುಳ್ಳ ಆರೊಮ್ಯಾಟಿಕ್‌ಗಳು, ಇವುಗಳ ಆಚೆಗೆ ರಾಳ ಮತ್ತು ಆಸ್ಫಾಲ್ಟೀನ್ ಎಂಬ ಭಾರದ ಭಾಗಗಳು. ಬ್ಯಾಕ್ಟೀರಿಯಾಗಳಿಗೆ ಸಲೀಸಾದದ್ದು ಮೊದಲನೆಯದು. ಕೊನೆಯದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಮೊದಲ ತೊಡಕು ತೈಲವನ್ನು ಮುಟ್ಟುವುದೇ. ನೀರಿನಲ್ಲಿ ಕರಗದ ಆಹಾರವನ್ನು ನೀರಿನಲ್ಲಿ ಬದುಕುವ ಜೀವಿ ತಿನ್ನಬೇಕು. ಅದಕ್ಕಾಗಿ ಆಲ್ಕನಿವೊರ್ಯಾಕ್ಸ್ ಗ್ಲೂಕೋಸ್ ಮತ್ತು ಕೊಬ್ಬಿನಾಮ್ಲ ಸೇರಿದ ಒಂದು ಸಂಯುಕ್ತವನ್ನು ತಯಾರಿಸುತ್ತದೆ. ಅಂಟುವಾಳದ ಕಾಯಿ ಜಿಡ್ಡನ್ನು ಬಿಡಿಸುವಂತೆ ಇದು ತೈಲವನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಹನಿ ಚಿಕ್ಕದಾದಷ್ಟೂ ಅಂಟಿಕೊಳ್ಳಲು ಮೇಲ್ಮೈ ಹೆಚ್ಚು. ಹನಿಗೆ ಅಂಟಿದ ಕೋಶಗಳು ಅದರ ಸುತ್ತ ಪೊರೆ ಕಟ್ಟುತ್ತವೆ. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿದ್ದು ಇದರ ಮುಂದಿನ ಹಂತವನ್ನು. ತೈಲದಲ್ಲಿ ಬೆಳೆದು ಪಳಗಿದ ಕೋಶಗಳು ಕಟ್ಟುವ ತೆಳುಪೊರೆ ಹನಿಯ ಆಕಾರವನ್ನು ಬದಲಿಸಿ, ಅದರಿಂದ ಕೊಳವೆಯಂಥ ಚಾಚುಗಳು ಹೊರಡುವಂತೆ ಮಾಡುತ್ತದೆ. ಹೀಗೆ ಮೇಲ್ಮೈ ಹಿಗ್ಗಿ ತೈಲ ಬೇಗ ಕರಗುತ್ತದೆ.

ಕೋಶದೊಳಕ್ಕೆ ಬಂದ ಆಲ್ಕೇನ್ ಸರಪಳಿಯ ತುದಿಯ ಇಂಗಾಲಕ್ಕೆ ಆಮ್ಲಜನಕದ ಒಂದು ಪರಮಾಣುವನ್ನು ಜೋಡಿಸುವುದು ಮೊದಲ ರಾಸಾಯನಿಕ ಹೆಜ್ಜೆ. ಕಬ್ಬಿಣದ ಎರಡು ಪರಮಾಣುಗಳನ್ನು ಒಡಲಲ್ಲಿಟ್ಟುಕೊಂಡ ಆಲ್ಕೇನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಈ ಕೆಲಸ ಮಾಡುತ್ತದೆ. ಆಲ್ಕೇನ್ ಆಲ್ಕೊಹಾಲ್ ಆಗಿ, ಅದು ಆಲ್ಡಿಹೈಡ್ ಆಗಿ, ಕೊನೆಗೆ ಕೊಬ್ಬಿನಾಮ್ಲ ಆಗುತ್ತದೆ. ಅಲ್ಲಿಂದ ಮುಂದೆ ನಮ್ಮ ದೇಹ ಎಣ್ಣೆ-ತುಪ್ಪವನ್ನು ಅರಗಿಸುವ ದಾರಿಯೇ: ಸರಪಳಿಯಿಂದ ಎರಡೆರಡು ಇಂಗಾಲವನ್ನು ಕತ್ತರಿಸುತ್ತ ಹೋಗಿ ಕಡೆಗೆ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೊಸ ಕೋಶಗಳು. ಆರೊಮ್ಯಾಟಿಕ್‌ಗಳದು ಹೆಚ್ಚು ಶ್ರಮದ ಕೆಲಸ. ಇಲ್ಲಿ ಡೈಆಕ್ಸಿಜನೇಸ್ ಕಿಣ್ವಗಳು ಉಂಗುರಕ್ಕೆ ಎರಡು ಆಮ್ಲಜನಕ ಪರಮಾಣುಗಳನ್ನು ಸೇರಿಸಿ, ಅದನ್ನು ಕ್ಯಾಟೆಕಾಲ್‌ನಂಥ ರೂಪಕ್ಕೆ ತಂದು, ಆಮೇಲೆ ಉಂಗುರವನ್ನು ಸೀಳುತ್ತವೆ. ಎರಡು ಉಂಗುರದ ನ್ಯಾಫ್ತಲೀನ್ ಬೇಗ ಹೋಗುತ್ತದೆ. ಕ್ಯಾನ್ಸರ್‌ಕಾರಕವಾದ ಐದು ಉಂಗುರದ ಬೆಂಜೊಪೈರೀನ್ ಕೆಸರಿನಲ್ಲಿ ವರ್ಷಗಟ್ಟಲೆ ನಿಲ್ಲಬಲ್ಲದು.

ಒಂದೇ ಪ್ರಭೇದ ಎಲ್ಲವನ್ನೂ ಮಾಡುವುದಿಲ್ಲವಾದ್ದರಿಂದ ತೈಲ ಬಿದ್ದ ಜಾಗದಲ್ಲಿ ಸರದಿ ನಡೆಯುತ್ತದೆ. ಮೊದಲು ಆಲ್ಕನಿವೊರ್ಯಾಕ್ಸ್‌ನಂಥವು ಆಲ್ಕೇನ್‌ಗಳನ್ನು ಮುಗಿಸುತ್ತವೆ. ಅವುಗಳ ಸಂಖ್ಯೆ ಇಳಿಯುತ್ತಿದ್ದಂತೆ ಸೈಕ್ಲೊಕ್ಲಾಸ್ಟಿಕಸ್ ಏರುತ್ತದೆ. ಇವುಗಳ ತ್ಯಾಜ್ಯವನ್ನು ತಿನ್ನಲು ಮತ್ತೊಂದು ಗುಂಪು ಬರುತ್ತದೆ. ಬ್ಯಾಕ್ಟೀರಿಯಾಗಳನ್ನೇ ಮೇಯುವ ಪ್ರೋಟೊಜೋವಗಳೂ ಅವನ್ನು ಕೊಲ್ಲುವ ವೈರಸ್‌ಗಳೂ ಹಿಂಬಾಲಿಸುತ್ತವೆ.

ಕೊರತೆ ಯಾವುದರದು

ತೈಲದಲ್ಲಿ ಇಂಗಾಲ, ಜಲಜನಕ ಯಥೇಚ್ಛ. ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹೊಸ ಕೋಶ ಕಟ್ಟಲು ಪ್ರೋಟೀನು, ಡಿಎನ್‌ಎ ಬೇಕು, ಅವಕ್ಕೆ ಈ ಎರಡೂ ಬೇಕು. ಸಾಗರದ ತೇಲುಜೀವಿಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು ಸರಾಸರಿ 106:16:1ರ ಅನುಪಾತದಲ್ಲಿವೆ ಎಂದು ಆಲ್ಫ್ರೆಡ್ ರೆಡ್‌ಫೀಲ್ಡ್ ತೋರಿಸಿದ್ದರು. ನೂರಾರು ಟನ್ ಇಂಗಾಲ ಒಮ್ಮೆಲೇ ಬಂದು ಬಿದ್ದಾಗ ಅದಕ್ಕೆ ತಕ್ಕ ಸಾರಜನಕವನ್ನು ಸುತ್ತಲಿನ ನೀರು ಒದಗಿಸಲಾರದು. ಬ್ಯಾಕ್ಟೀರಿಯಾ ಮುಂದೆ ರಾಶಿ ಆಹಾರ ಇದ್ದೂ ಬೆಳೆಯಲಾರದ ಸ್ಥಿತಿ ಅದು. 1972ರಲ್ಲಿ ರೊನಾಲ್ಡ್ ಅಟ್ಲಾಸ್ ಮತ್ತು ರಿಚರ್ಡ್ ಬಾರ್ಥಾ ಸಮುದ್ರದ ನೀರಿಗೆ ಈ ಎರಡನ್ನು ಸೇರಿಸಿದಾಗ ತೈಲದ ವಿಘಟನೆ ಚುರುಕಾಗುವುದನ್ನು ತೋರಿಸಿದರು. ಮುಂದಿನ ಎಲ್ಲ ಪ್ರಯತ್ನಗಳ ತಳಹದಿ ಈ ಕೆಲಸವೇ.

ಆಮ್ಲಜನಕದ ಲೆಕ್ಕ ಇನ್ನೂ ಕಠಿಣ. ಒಂದು ಕಿಲೊ ಹೈಡ್ರೊಕಾರ್ಬನ್ ಪೂರ್ತಿಯಾಗಿ ಉತ್ಕರ್ಷಣಗೊಳ್ಳಲು ಮೂರು ಕಿಲೊಗೂ ಮಿಕ್ಕಿ ಆಮ್ಲಜನಕ ಬೇಕು. ಮೇಲ್ಪದರದ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವುದು ಏಳೆಂಟು ಮಿಲಿಗ್ರಾಂ. ಅಂದರೆ ಒಂದೇ ಒಂದು ಲೀಟರ್ ತೈಲಕ್ಕೆ 3 ಲಕ್ಷ ಲೀಟರಿಗೂ ಹೆಚ್ಚು ನೀರಿನ ಆಮ್ಲಜನಕ ಖರ್ಚಾಗುತ್ತದೆ. ಅಲೆ ಏಳುವ ತೆರೆದ ಕಡಲಿನಲ್ಲಿ ಗಾಳಿಯಿಂದ ಇದು ಮತ್ತೆ ತುಂಬಿಕೊಳ್ಳುತ್ತದೆ. ಮರಳಿನಡಿ ಹೂತ, ಕಾಂಡ್ಲಾ ಗಿಡಗಳ ಬೇರಿನ ನಡುವಿನ ಕಪ್ಪು ಕೆಸರಿಗೆ ಇಳಿದ ತೈಲಕ್ಕೆ ಆ ಭಾಗ್ಯವಿಲ್ಲ. ಅಲ್ಲಿ ಅದು ದಶಕಗಳವರೆಗೆ ಹಸಿಯಾಗಿಯೇ ಇರುತ್ತದೆ.

ಎರಡು ದೊಡ್ಡ ಪರೀಕ್ಷೆಗಳು

1989ರ ಮಾರ್ಚ್ 24ರಂದು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಟ್ಯಾಂಕರ್ ಬಂಡೆಗೆ ತಾಗಿ 4 ಕೋಟಿ ಲೀಟರಿಗೂ ಹೆಚ್ಚು ಕಚ್ಚಾ ತೈಲ ಚೆಲ್ಲಿತು. ಸಾವಿರಾರು ಕಿಲೊಮೀಟರ್ ದಡ ಕಪ್ಪಾಯಿತು. ಕಡಲ ಹಕ್ಕಿಗಳೂ ನೀರುನಾಯಿಗಳೂ ಸಾವಿರಗಟ್ಟಲೆ ಸತ್ತವು. ಬಿಸಿನೀರಿನ ಪೈಪು ಹಿಡಿದು ಕಲ್ಲು ತೊಳೆದದ್ದರಿಂದ ಕಲ್ಲಿನ ಮೇಲೆ ಉಳಿದಿದ್ದ ಜೀವವೂ ಹೋಯಿತು. ಆಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ತೈಲ ಕಂಪನಿ ಸೇರಿ ಗೊಬ್ಬರದ ಪ್ರಯೋಗಕ್ಕೆ ಇಳಿದವು. ತೈಲಕ್ಕೆ ಅಂಟಿಕೊಳ್ಳುವ ದ್ರವಗೊಬ್ಬರ ಒಂದು, ನಿಧಾನವಾಗಿ ಕರಗುವ ಹರಳುಗೊಬ್ಬರ ಇನ್ನೊಂದು. ಮೊದಲ ಬೇಸಿಗೆಯಲ್ಲೇ ನೂರಿಪ್ಪತ್ತು ಕಿಲೊಮೀಟರಿನಷ್ಟು ದಡಕ್ಕೆ ಇವನ್ನು ಹಾಕಲಾಯಿತು. ಮೂರು ವರ್ಷಗಳಲ್ಲಿ ಬಳಸಿದ ಸಾರಜನಕ ಸುಮಾರು 50 ಟನ್. ಹೊರಗಿನಿಂದ ಒಂದು ಬ್ಯಾಕ್ಟೀರಿಯಾವನ್ನೂ ತರಲಿಲ್ಲ.

ಇದು ಫಲಿಸಿತೇ ಎಂಬುದನ್ನು ಅಳೆದ ರೀತಿ ಹೇಳಿಕೊಡಲು ತಕ್ಕದ್ದು. ದಡದ ತೈಲ ಕಡಿಮೆಯಾದರೆ ಅದನ್ನು ಬ್ಯಾಕ್ಟೀರಿಯಾ ತಿಂದಿರಬಹುದು, ಇಲ್ಲವೇ ಅಲೆ ತೊಳೆದುಕೊಂಡು ಹೋಗಿರಬಹುದು. ತೈಲದಲ್ಲಿ ಹೋಪೇನ್ ಎಂಬ ಅಣು ಇದೆ. ಇದನ್ನು ಬ್ಯಾಕ್ಟೀರಿಯಾ ಸುಲಭಕ್ಕೆ ಮುಟ್ಟುವುದಿಲ್ಲ. ಅಲೆ ತೊಳೆದರೆ ಹೋಪೇನ್ ಮತ್ತು ಉಳಿದ ಅಣುಗಳು ಒಟ್ಟಿಗೇ ಹೋಗುತ್ತವೆ. ಬ್ಯಾಕ್ಟೀರಿಯಾ ತಿಂದರೆ ಉಳಿದವು ಹೋಗಿ ಹೋಪೇನ್‌ನ ಪಾಲು ಏರುತ್ತದೆ. ಈ ಅನುಪಾತ ನೋಡಿ ಗೊಬ್ಬರ ಬಿದ್ದ ಕಡೆ ವಿಘಟನೆ ಎರಡರಿಂದ ಐದು ಪಟ್ಟು ವೇಗವಾಗಿತ್ತೆಂದು ತೀರ್ಮಾನಿಸಲಾಯಿತು. 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಈ ವಿಶ್ಲೇಷಣೆ ಜೈವಿಕ ಶುದ್ಧೀಕರಣಕ್ಕೆ ವೈಜ್ಞಾನಿಕ ಮನ್ನಣೆ ತಂದುಕೊಟ್ಟಿತು. ಅದೇ ದಡಗಳ ಜಲ್ಲಿಯ ಕೆಳಪದರದಲ್ಲಿ ಮಾತ್ರ, ಆಮ್ಲಜನಕವೂ ಪೋಷಕವೂ ತಲುಪದೆಡೆ, ಇಪ್ಪತ್ತು ವರ್ಷಗಳ ನಂತರವೂ ತೈಲ ಸಿಕ್ಕಿತು. ಈ ಎರಡನ್ನೂ ಒಟ್ಟಿಗೆ ಹೇಳದೆ ಅಲಾಸ್ಕದ ಕತೆಯನ್ನು ಗೆಲುವಿನ ಕತೆಯಾಗಿ ಹೇಳುವುದು ಸರಿಯಲ್ಲ.

ಎರಡನೆಯ ಪರೀಕ್ಷೆ ನಡೆದದ್ದು ಆಳದಲ್ಲಿ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಕೊರೆವೇದಿಕೆ ಸ್ಫೋಟಗೊಂಡು 11 ಮಂದಿ ಸತ್ತರು. ಸುಮಾರು 1,500 ಮೀಟರ್ ನೀರಿನಡಿ ಇದ್ದ ಬಾವಿಯ ಬಾಯಿಯಿಂದ 87 ದಿನ ತೈಲವೂ ಅನಿಲವೂ ಚಿಮ್ಮಿದವು. ಸಮುದ್ರ ಸೇರಿದ ತೈಲ 31.9 ಲಕ್ಷ ಬ್ಯಾರೆಲ್ ಎಂದು ಅಮೆರಿಕದ ನ್ಯಾಯಾಲಯ 2015ರಲ್ಲಿ ನಿರ್ಣಯಿಸಿತು. ಇದರ ಒಂದು ಭಾಗ ಮೇಲೆ ಬರದೆ 1,100 ಮೀಟರ್ ಆಸುಪಾಸಿನ ಆಳದಲ್ಲಿ, 5 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ, ಮೋಡದಂತೆ ಹರಡಿತು. ಅಷ್ಟು ಚಳಿಯಲ್ಲಿ, ಅಷ್ಟು ಒತ್ತಡದಲ್ಲಿ ಏನೂ ನಡೆಯಲಾರದೆಂದು ಹಲವರು ಭಾವಿಸಿದ್ದರು. ಟೆರಿ ಹೇಜನ್ ತಂಡ ಅಲ್ಲಿಂದ ನೀರು ತೆಗೆದು ನೋಡಿದಾಗ ಓಷನೊಸ್ಪಿರಿಲೇಲಿಸ್ ಗಣದ ಬ್ಯಾಕ್ಟೀರಿಯಾಗಳು ತುಂಬಿಕೊಂಡಿದ್ದವು. ಆಲ್ಕೇನ್‌ಗಳು ಕೆಲವೇ ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತಿದ್ದವು. ವಾರಗಳು ಕಳೆದಂತೆ ಕೊಲ್ವೆಲಿಯಾ, ಸೈಕ್ಲೊಕ್ಲಾಸ್ಟಿಕಸ್‌ಗಳು ಅವುಗಳ ಜಾಗಕ್ಕೆ ಬಂದವು. ಆ ಕೊಲ್ಲಿಯ ತಳದಲ್ಲಿ ತೈಲದ ಒಸರುಗಳು ಮೊದಲಿನಿಂದಲೂ ಇದ್ದುದರಿಂದ ಅಲ್ಲಿನ ಜೀವಿಗಳು ಸಿದ್ಧವಾಗಿದ್ದವು ಎಂಬ ವಿವರಣೆ ಒಪ್ಪುವಂತಿದೆ. ಪ್ರತಿಯೊಂದು ಕಡಲೂ ಹೀಗೆ ಸಿದ್ಧವಿರುತ್ತದೆ ಎಂದು ಇದರಿಂದ ಊಹಿಸಲಾಗದು.

ಅಲ್ಲೂ ಎಲ್ಲ ತೈಲ ಮಾಯವಾಗಲಿಲ್ಲ. ಬ್ಯಾಕ್ಟೀರಿಯಾಗಳ ಲೋಳೆ, ಸತ್ತ ತೇಲುಜೀವಿ ಮತ್ತು ತೈಲ ಬೆರೆತು ಹಿಮದಂತೆ ತಳಕ್ಕೆ ಸುರಿದು ಸುಮಾರು 3,200 ಚದರ ಕಿಲೊಮೀಟರ್ ಸಮುದ್ರತಳದ ಮೇಲೆ ಕೂತಿತು. ಆಳದ ಹವಳಗಳಿಗೆ ಪೆಟ್ಟು ಬಿತ್ತು.

ಈ ದುರಂತದಲ್ಲಿ ತೈಲವನ್ನು ಚದುರಿಸಲೆಂದು ಕೊರೆಕ್ಸಿಟ್ ಎಂಬ ರಾಸಾಯನಿಕವನ್ನು 70 ಲಕ್ಷ ಲೀಟರಿನಷ್ಟು ಬಳಸಿದರು. ಹನಿ ಸಣ್ಣದಾದರೆ ಬ್ಯಾಕ್ಟೀರಿಯಾಕ್ಕೆ ಅನುಕೂಲ ಎಂಬುದು ಇದರ ಹಿಂದಿನ ತರ್ಕ. 2015ರಲ್ಲಿ ಸಾರಾ ಕ್ಲೈನ್‌ಡೀನ್‌ಸ್ಟ್, ಸಮಂತಾ ಜಾಯ್ ಮತ್ತು ಸಂಗಡಿಗರು ಈ ತರ್ಕವನ್ನು ಪ್ರಶ್ನಿಸಿದರು. ರಾಸಾಯನಿಕ ಸೇರಿದ ನೀರಿನಲ್ಲಿ ಕೊಲ್ವೆಲಿಯಾ ಹೆಚ್ಚಿ, ತೈಲ ಅರಗಿಸುವ ಮ್ಯಾರಿನೊಬ್ಯಾಕ್ಟರ್ ಹಿಂದೆ ಬಿದ್ದಿತು ಎಂಬುದು ಅವರ ಪ್ರಯೋಗದ ಫಲ. ಕಡಲಿನ ನಿಜಸ್ಥಿತಿಯಲ್ಲಿ ತೈಲ ಅಷ್ಟು ದಟ್ಟವಾಗಿರುವುದಿಲ್ಲ, ಆದ್ದರಿಂದ ಈ ಫಲಿತಾಂಶ ಅಲ್ಲಿಗೆ ಅನ್ವಯಿಸದು ಎಂದು ಇನ್ನೊಂದು ಪಕ್ಷ ವಾದಿಸಿತು. ವಾದ ಮುಗಿದಿಲ್ಲ. ಒಂದು ಮಾತನ್ನು ಮಾತ್ರ ನೆನಪಿಡಬೇಕು. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಟೊರಿ ಕ್ಯಾನ್ಯನ್ ಟ್ಯಾಂಕರ್ ಒಡೆದಾಗ ಸುರಿದ ಮಾರ್ಜಕಗಳು ದಡದ ಜೀವಿಗಳಿಗೆ ತೈಲಕ್ಕಿಂತಲೂ ಹೆಚ್ಚು ಹಾನಿ ಮಾಡಿದ್ದವು. ಅವಸರದ ಔಷಧಿ ರೋಗಕ್ಕಿಂತ ಕೇಡಾಗಬಹುದೆಂಬುದಕ್ಕೆ ಅದು ಸಾಕ್ಷಿ.

ಹೊರಗಿನಿಂದ ಬಿತ್ತುವ ಯತ್ನ

ಭಾರತೀಯರಿಗೆ ಈ ವಿಷಯದಲ್ಲಿ ಪರಿಚಿತವಾದ ಹೆಸರು ಆನಂದ ಮೋಹನ ಚಕ್ರವರ್ತಿ ಅವರದು. ಪಶ್ಚಿಮ ಬಂಗಾಳದ ಸೈಂಥಿಯಾದಲ್ಲಿ 1938ರಲ್ಲಿ ಹುಟ್ಟಿದ ಇವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ, ತೈಲದ ಬೇರೆ ಬೇರೆ ಭಾಗಗಳನ್ನು ಒಡೆಯುವ ಜೀನ್‌ಗಳುಳ್ಳ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕುಗಳನ್ನು ಒಂದೇ ಸ್ಯೂಡೊಮೊನಾಸ್ ಕೋಶದಲ್ಲಿ ಕೂಡಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1980ರ ಜೂನ್ 16ರಂದು 5–4ರ ಬಹುಮತದಿಂದ ತೀರ್ಪು ಅವರ ಪರವಾಯಿತು. ಜೈವಿಕ ತಂತ್ರಜ್ಞಾನದ ಉದ್ಯಮಕ್ಕೆ ದಾರಿ ತೆರೆದದ್ದು ಈ ತೀರ್ಪು. ಆದರೆ ಆ ಬ್ಯಾಕ್ಟೀರಿಯಾ ಕಡಲಿಗೆ ಇಳಿಯಲೇ ಇಲ್ಲ. ಮಾರ್ಪಡಿಸಿದ ಜೀವಿಯನ್ನು ತೆರೆದ ನೀರಿಗೆ ಬಿಡುವ ಆತಂಕ ಒಂದು ಕಡೆ. ಪ್ರಯೋಗಾಲಯದಲ್ಲಿ ಸೊಗಸಾಗಿ ಬೆಳೆದ ತಳಿ ಉಪ್ಪುನೀರಿನ ಬಡತನ, ಸ್ಥಳೀಯ ಜೀವಿಗಳ ಪೈಪೋಟಿ, ಪ್ರೋಟೊಜೋವಗಳ ಹಸಿವು ಇವನ್ನೆಲ್ಲ ತಾಳಿ ಉಳಿಯುವುದು ಕಷ್ಟ ಎಂಬುದು ಇನ್ನೊಂದು ಕಡೆ. ಹೊರಗಿನಿಂದ ತಂದ ಬ್ಯಾಕ್ಟೀರಿಯಾ ಮಿಶ್ರಣವನ್ನು ತೆರೆದ ಸಮುದ್ರದಲ್ಲಿ ಸುರಿದು ಖಚಿತ ಲಾಭ ಪಡೆದ ಉದಾಹರಣೆ ದುರ್ಲಭ.

ನೆಲದ ಮೇಲೆ ಸಂಗತಿ ಬೇರೆ. ದೆಹಲಿಯ ಟೆರಿ ಸಂಸ್ಥೆ ರೂಪಿಸಿದ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತೈಲಾಗಾರಗಳ ಹೊಂಡಗಳಲ್ಲಿ ಕೂಡಿದ ಜಿಡ್ಡುಕೆಸರನ್ನು ಶುದ್ಧಗೊಳಿಸಲು ಬಳಕೆಯಾಗುತ್ತದೆ. ಅಲ್ಲಿ ತೇವ, ಗಾಳಿ, ಗೊಬ್ಬರ ಎಲ್ಲವನ್ನೂ ಮನುಷ್ಯ ಹದಮಾಡಿ ಕೊಡಬಲ್ಲ. ದಡದಿಂದ ಬಾಚಿ ತೆಗೆದ ತೈಲಕೆಸರಿಗೂ ಈ ಕ್ರಮ ಸಲ್ಲುತ್ತದೆ. ಅಲೆಯ ಮೇಲೆ ಸಲ್ಲದು.

ತೈಲವಲ್ಲದ ವಿಷಗಳು

ಗಾಳಿ ತಲುಪದ ಕೆಸರಿನಲ್ಲಿ ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಹೈಡ್ರೊಕಾರ್ಬನ್ ಒಡೆಯುವ ಬ್ಯಾಕ್ಟೀರಿಯಾಗಳೂ ಇವೆ. ಜರ್ಮನಿಯ ಫ್ರೀಡ್ರಿಶ್ ವಿಡ್ಡೆಲ್ ತಂಡ 1991ರಲ್ಲಿ ಇದನ್ನು ಸಾಧಿಸಿ ತೋರಿಸುವವರೆಗೆ ಆಮ್ಲಜನಕವಿಲ್ಲದೆ ಆಲ್ಕೇನ್ ಅರಗದು ಎಂಬುದೇ ಪಠ್ಯಪುಸ್ತಕದ ಮಾತಾಗಿತ್ತು. ಇವುಗಳ ಕೆಲಸ ಬಹು ನಿಧಾನ. ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುತ್ತಿದ್ದ ಪಿಸಿಬಿಗಳಂಥ ಕ್ಲೋರಿನ್‌ಯುಕ್ತ ವಿಷಗಳ ವಿಷಯದಲ್ಲೂ ಮೊದಲ ಹೆಜ್ಜೆ ಇಡುವುದು ಆಮ್ಲಜನಕವಿಲ್ಲದ ಕೆಸರಿನ ಜೀವಿಗಳೇ. ಅಣುವಿನಿಂದ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಅವುಗಳ ಜಾಗಕ್ಕೆ ಜಲಜನಕವನ್ನು ಕೂರಿಸುತ್ತವೆ. ಹಗುರವಾದ ಅಣುವನ್ನು ಮುಂದೆ ಗಾಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಮುಗಿಸುತ್ತವೆ.

ಪಾದರಸದ ಕತೆಯಲ್ಲಿ ಬ್ಯಾಕ್ಟೀರಿಯಾಗಳು ಎರಡೂ ಬದಿಯಲ್ಲಿ ನಿಂತಿವೆ. ಮೆರ್ ಎಂಬ ಜೀನ್‌ಗುಚ್ಛ ಇರುವವು ಸಾವಯವ ಪಾದರಸವನ್ನು ಸೀಳಿ, ಅಯಾನನ್ನು ಲೋಹದ ಪಾದರಸವಾಗಿಸಿ ಗಾಳಿಗೆ ಬಿಡುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎನ್. ರಾಮಯ್ಯ ಮತ್ತು ಜಯಶಂಕರ ದೇ 2003ರಲ್ಲಿ ಭಾರತದ ಕರಾವಳಿ ನೀರಿನಲ್ಲಿ ಪಾದರಸ ನಿರೋಧಕ ಬ್ಯಾಕ್ಟೀರಿಯಾಗಳು ಅಸಹಜವಾಗಿ ಹೆಚ್ಚಿರುವುದನ್ನು ವರದಿ ಮಾಡಿದರು. ಇದು ಶುದ್ಧೀಕರಣದ ಸಾಧ್ಯತೆಯೂ ಹೌದು, ನೀರು ಎಷ್ಟು ಕೆಟ್ಟಿದೆ ಎಂಬುದರ ಸೂಚಕವೂ ಹೌದು. ಇದಕ್ಕೆ ವಿರುದ್ಧವಾಗಿ, ಕೆಸರಿನ ಕೆಲವು ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಪಾದರಸಕ್ಕೆ ಮೀಥೈಲ್ ಸೇರಿಸಿ ಅದನ್ನು ಇನ್ನಷ್ಟು ಅಪಾಯಕಾರಿ ಮಾಡುತ್ತವೆ. ಇದಕ್ಕೆ ಕಾರಣವಾದ ಎರಡು ಜೀನ್‌ಗಳು 2013ರಲ್ಲಿ ಪತ್ತೆಯಾದವು. ಮೀಥೈಲ್ ಪಾದರಸ ಮೀನಿನ ಮೂಲಕ ಮನುಷ್ಯನನ್ನು ಸೇರಿದರೆ ಏನಾಗುತ್ತದೆ ಎಂಬುದನ್ನು ಜಪಾನಿನ ಮಿನಮಾಟ ಜಗತ್ತಿಗೆ ತೋರಿಸಿದೆ. ಅಲ್ಲಿನ ಮೀಥೈಲ್ ಪಾದರಸ ಬಂದದ್ದು ನೇರವಾಗಿ ಕಾರ್ಖಾನೆಯ ಕೊಳವೆಯಿಂದ.

ಪ್ಲಾಸ್ಟಿಕ್ ಬಗ್ಗೆ ಆಸೆ ಬಹಳ, ಆಧಾರ ಕಡಿಮೆ. 2016ರಲ್ಲಿ ಜಪಾನಿನಲ್ಲಿ ಬಾಟಲಿಯ ಪಿಇಟಿ ತಿನ್ನುವ ಇಡಿಯೊನೆಲ್ಲಾ ಸಕಾಯೆನ್ಸಿಸ್ ಪತ್ತೆಯಾಯಿತು. ಅದು ಸಿಕ್ಕಿದ್ದು ಬಾಟಲಿ ಮರುಬಳಕೆ ಘಟಕದ ಬಳಿ, ಕಡಲಿನಲ್ಲಲ್ಲ. ತೇಲುವ ಪ್ಲಾಸ್ಟಿಕ್ ಚೂರಿನ ಮೇಲೆ ಕಡಲ ಬ್ಯಾಕ್ಟೀರಿಯಾಗಳು ದಟ್ಟವಾಗಿ ನೆಲೆಸುತ್ತವೆ. ನೆಲೆಸುವುದೆಲ್ಲ ತಿನ್ನುವುದಲ್ಲ. ಬಿಸಿಲಿನಲ್ಲಿ ಶಿಥಿಲವಾದ ಪಾಲಿಥೀನನ್ನು ಕೆಲವು ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಅಲ್ಪಸ್ವಲ್ಪ ಅರಗಿಸುತ್ತವೆ ಎಂದು ಡಚ್ ವಿಜ್ಞಾನಿಗಳು ತೋರಿಸಿದ್ದಾರೆ. ಕಡಲಿಗೆ ಬೀಳುತ್ತಿರುವ ರಾಶಿಯ ಮುಂದೆ ಆ ವೇಗ ಲೆಕ್ಕಕ್ಕಿಲ್ಲ.

ಪಶ್ಚಿಮ ಕರಾವಳಿ

ಕೊಲ್ಲಿ ದೇಶಗಳಿಂದ ಪೂರ್ವಕ್ಕೆ ಹೋಗುವ ಟ್ಯಾಂಕರ್‌ಗಳ ದಾರಿ ಅರಬ್ಬೀ ಸಮುದ್ರದ ಮೇಲಿದೆ. ಮಂಗಳೂರಿನ ತೈಲಾಗಾರಕ್ಕೆ ಕಚ್ಚಾ ತೈಲ ಬರುವುದೂ ಕಡಲಿನಿಂದಲೇ. ಮುಂಗಾರಿನ ಗಾಳಿ ಶುರುವಾಗುವ ಹೊತ್ತಿಗೆ ಗೋವಾ ಮತ್ತು ಕರ್ನಾಟಕದ ಮರಳುದಂಡೆಗಳಲ್ಲಿ ಡಾಂಬರಿನಂಥ ಕಪ್ಪು ಉಂಡೆಗಳು ಬಂದು ಬೀಳುತ್ತವೆ. ಹಗುರ ಭಾಗಗಳು ಆವಿಯಾಗಿ, ಸುಲಭದ ಆಲ್ಕೇನ್‌ಗಳನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಿದ ಮೇಲೆ ಉಳಿದ ರಾಳ-ಆಸ್ಫಾಲ್ಟೀನ್‌ಗಳ ಮುದ್ದೆ ಅದು. ಬ್ಯಾಕ್ಟೀರಿಯಾಗಳ ಶಕ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಈ ಉಂಡೆಯೊಂದನ್ನು ಒಡೆದು ನೋಡಿದರೆ ಸಾಕು.

2006ರ ಮೇ 30ರಂದು ಕಾರವಾರದ ಆಚೆಯ ಆಯ್ಸ್ಟರ್ ರಾಕ್ ದ್ವೀಪಕ್ಕೆ ಓಷನ್ ಸೆರಾಯಾ ಎಂಬ ಸರಕು ಹಡಗು ತಾಗಿ, ಅದರ ಇಂಧನ ತೈಲ ಸೋರಿ ಗೋವಾದ ದಕ್ಷಿಣ ದಂಡೆಗಳವರೆಗೂ ಹರಡಿತು. ಮಳೆಗಾಲದ ಕಡಲಿನಲ್ಲಿ ತೈಲ ಎತ್ತುವ ಕೆಲಸ ಸುಲಭವಾಗಿರಲಿಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿತು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಅದರಲ್ಲಿ 640 ಕಂಟೇನರುಗಳೂ 367 ಟನ್ ಫರ್ನೇಸ್ ತೈಲವೂ ಇದ್ದವು. ಅದರ ಪ್ಲಾಸ್ಟಿಕ್ ಹರಳುಗಳು ಕೇರಳದ ದಡದುದ್ದಕ್ಕೂ ಬಂದು ಬಿದ್ದವು. ಮೂರೂ ಘಟನೆ ಮುಂಗಾರಿನ ಬಾಗಿಲಲ್ಲಿ ನಡೆದವು ಎಂಬುದನ್ನು ಗಮನಿಸಬೇಕು.

ಈ ಕಾಲದ ಅರಬ್ಬೀ ಸಮುದ್ರದ ಗುಣ ಬೇರೆ. ಮುಂಗಾರಿನಲ್ಲಿ ನಮ್ಮ ಕರಾವಳಿಗೆ ಆಳದ ನೀರು ಮೇಲೇರಿ ಬರುತ್ತದೆ. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಕಾರಣ ಈ ಪೋಷಕ ತುಂಬಿದ ನೀರೇ. ಅದೇ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಭಾರತದ ಪಶ್ಚಿಮ ತೀರದಲ್ಲಿ ಈ ಋತುಮಾನದ ಆಮ್ಲಜನಕ ಕೊರತೆ ತೀವ್ರವಾಗುತ್ತಿದೆ ಎಂದು ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಅಲಾಸ್ಕದ ಗೊಬ್ಬರದ ಪಾಠವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಮೇಲೆ ತೇಲುವ ತೈಲಕ್ಕೆ ಪೋಷಕವೂ ಬೆಚ್ಚನೆಯ ನೀರೂ ಸಿಗುತ್ತವೆ, ತಳ ಸೇರಿದ ತೈಲ ಉಸಿರುಗಟ್ಟಿದ ನೀರಿನಲ್ಲಿ ಉಳಿಯುತ್ತದೆ. ಅದರ ಮೇಲೆ ಗೊಬ್ಬರವನ್ನೂ ಸುರಿದರೆ ಪಾಚಿ ಬೆಳೆದು, ಕೊಳೆತು, ಇದ್ದ ಆಮ್ಲಜನಕವೂ ಹೋದೀತು. ಅಳಿವೆಗಳಲ್ಲಿ ಚಿಪ್ಪಿಕಲ್ಲು ಹೆಕ್ಕಿ ಜೀವನ ಸಾಗಿಸುವ ಮಹಿಳೆಯರಿಗೆ ಇದರ ನಷ್ಟ ಮೊದಲು ತಟ್ಟುತ್ತದೆ.

ಭಾರತದಲ್ಲಿ ತೈಲ ಸೋರಿಕೆಯನ್ನು ಎದುರಿಸುವ ರಾಷ್ಟ್ರೀಯ ಯೋಜನೆ 1996ರಿಂದ ಜಾರಿಯಲ್ಲಿದೆ. ಹೊಣೆ ಕರಾವಳಿ ರಕ್ಷಣಾ ಪಡೆಯದು. 2017ರ ಜನವರಿಯಲ್ಲಿ ಚೆನ್ನೈನ ಎನ್ನೂರಿನ ಬಳಿ ಎರಡು ಹಡಗು ಡಿಕ್ಕಿಯಾದಾಗ ಸ್ವಯಂಸೇವಕರು ಬಕೆಟ್ಟಿನಲ್ಲಿ ತೈಲ ಮೊಗೆದ ಚಿತ್ರಗಳನ್ನು ದೇಶ ನೋಡಿತು. ತೈಲ ದಡ ಮುಟ್ಟುವ ಮೊದಲೇ ತೇಲುಬೇಲಿ ಹಾಕಿ ಯಂತ್ರದಿಂದ ಎತ್ತುವುದು ಮೊದಲ ಕೆಲಸ. ಬ್ಯಾಕ್ಟೀರಿಯಾ ಅದರ ನಂತರದ್ದು, ಅದಕ್ಕೆ ಬದಲಿಯಲ್ಲ. ಎತ್ತಲಾಗದೆ ಉಳಿದ ತೈಲ ಅರಗುತ್ತಿದೆಯೇ ಎಂದು ಹೇಳಲು ಸೋರಿಕೆಗೆ ಮೊದಲು ಅಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿತ್ತು, ನೀರಿನ ಆಮ್ಲಜನಕ ಎಷ್ಟಿತ್ತು ಎಂಬ ದಾಖಲೆ ಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜು, ಮಂಗಳೂರು ವಿಶ್ವವಿದ್ಯಾಲಯ, ಕಾರವಾರದ ಕೋಡಿಬಾಗದಲ್ಲಿರುವ ಸಾಗರ ಜೀವಶಾಸ್ತ್ರ ಕೇಂದ್ರ, ಪಕ್ಕದ ಗೋವಾದ ರಾಷ್ಟ್ರೀಯ ಸಂಸ್ಥೆ ಇವೆಲ್ಲ ನೂರಾರು ಕಿಲೊಮೀಟರಿನ ಒಂದೇ ತೀರದಲ್ಲಿವೆ. ನೇತ್ರಾವತಿಯಿಂದ ಕಾಳಿಯವರೆಗಿನ ಅಳಿವೆಗಳ ನೀರು ಮತ್ತು ಕೆಸರನ್ನು ಪ್ರತಿ ಋತುವಿನಲ್ಲೂ ಪರೀಕ್ಷಿಸಿ, ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಕೆಲಸಕ್ಕೆ ಸರ್ಕಾರ ನಿರಂತರವಾಗಿ ಹಣ ಒದಗಿಸಬೇಕು.